ಚಳಿಗೆ ಮುನಿಯುವ ಕಾರು

ಪುಷ್ಯ ಮಾಸದ ಬೆಳಗು. ಚಿಕ್ಕಮಗಳೂರಿನ ಒಂದು ಮನೆಯ ಅಂಗಳ. ನಲ್ಲಿಯ ನೀರು ಮುಟ್ಟಿದರೆ ಕೈ ಕೊರೆಯುವಷ್ಟು ಚಳಿ. ದ್ವಿತೀಯ ಪಿಯುಸಿ ಓದುವ ಮಗಳು ಪುಸ್ತಕದ ಚೀಲ ಹೆಗಲಿಗೇರಿಸಿ ನಿಂತಿದ್ದಾಳೆ. ಅಪ್ಪ ಇಪ್ಪತ್ತು ವರ್ಷದಷ್ಟು ಹಳೆಯ ಪುಟ್ಟ ಕಾರಿನಲ್ಲಿ ಕುಳಿತು ಕೀಲಿ ತಿರುಗಿಸುತ್ತಾರೆ. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ. ಆದರೆ ಎಂಜಿನ್ ಹಿಡಿಯುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ. ಐದನೆಯ ಸಲಕ್ಕೆ ಕೆಮ್ಮುತ್ತಾ, ಮೈ ನಡುಗಿಸುತ್ತಾ ಎಂಜಿನ್ ಎದ್ದೇಳುತ್ತದೆ. ಅಷ್ಟರಲ್ಲಿ ಟ್ಯೂಷನ್ ತರಗತಿ ಅರ್ಧ ಮುಗಿದಿರುತ್ತದೆ.

ವಿಚಿತ್ರವೆಂದರೆ, ಅದೇ ಕಾರು ಪೇಟೆ ಸುತ್ತಿ ಬಂದು ಹತ್ತು ನಿಮಿಷ ನಿಂತ ಮೇಲೆ ಕೀಲಿ ಮುಟ್ಟಿದರೆ ಸಾಕು, ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಹಾಗೆಯೇ. ಮನೆಯಿಂದ ಓಡಿಸಿಕೊಂಡು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದಲ್ಲ! ವೈದ್ಯರ ಮುಂದೆ ಕುಳಿತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ.

ಸಲಹೆ ಕೊಡುವವರಿಗೇನೂ ಬರವಿಲ್ಲ. ‘ಬ್ಯಾಟರಿ ಬದಲಾಯಿಸಿ’ ಎಂದರು ಪಕ್ಕದ ಮನೆಯವರು. ಬದಲಾಯಿಸಿದ್ದಾಯಿತು. ‘ಪ್ಲಗ್ ಹೋಗಿರಬೇಕು’ ಎಂದರು ಕಚೇರಿಯ ಗೆಳೆಯರು. ಅದೂ ಆಯಿತು. ಪೆಟ್ರೋಲ್ ಫಿಲ್ಟರ್ ಹೊಸದಾಯಿತು. ಎರಡು ತಿಂಗಳಲ್ಲಿ ಏಳು ಸಾವಿರ ರೂಪಾಯಿ ಖರ್ಚಾಯಿತು. ಕಾರಿನ ಚಾಳಿ ಮಾತ್ರ ಬದಲಾಗಲಿಲ್ಲ.

‘ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇದೆ ಅಪ್ಪಾ. ಅವತ್ತೂ ಹೀಗಾದರೆ?’ ಎಂದು ಮಗಳು ಕೇಳಿದಳು.

‘ಅದಕ್ಕೇ ಮಾರಿಬಿಡೋಣ ಅಂತಿದ್ದೀನಿ ಕಣಮ್ಮಾ’ ಎಂದರು ಅಪ್ಪ.

ಇಂಥ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಇಲ್ಲಿ ನಡೆದ ತಪ್ಪು ಏನು? ಬ್ಯಾಟರಿ, ಪ್ಲಗ್, ಫಿಲ್ಟರ್ ಈ ಮೂರೂ ಉತ್ತರಗಳೇ. ಆದರೆ ಕಾರಿಗೆ ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಪೆಟ್ರೋಲಿಗೂ ಚಳಿಗೂ ಏನು ಸಂಬಂಧ?

ಮೊದಲು ಒಂದು ವಿಷಯ ತಿಳಿಯಬೇಕು. ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆ ಆವಿ ಗಾಳಿಯೊಡನೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಪ್ಲಗ್ಗಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇದು ರಸಾಯನಶಾಸ್ತ್ರದ ಲೆಕ್ಕ.

ಪೆಟ್ರೋಲ್ ಒಂದೇ ವಸ್ತುವಲ್ಲ. ಹಲವು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಭಾರವಾದವುಗಳಿಗೆ 200 ಡಿಗ್ರಿಯ ಸಮೀಪದ ಉಷ್ಣತೆ ಬೇಕು. ಎಂಜಿನ್ ಬಿಸಿಯಾಗಿದ್ದಾಗ ಇವೆಲ್ಲ ಸುಲಭವಾಗಿ ಆವಿಯಾಗುತ್ತವೆ. ತಣ್ಣಗಿದ್ದಾಗ ಹಗುರವಾದ ಭಾಗವಷ್ಟೇ ಆವಿಯಾಗಿ, ಉಳಿದದ್ದು ಎಂಜಿನ್ನಿನ ತಣ್ಣನೆಯ ಗೋಡೆಗೆ ಅಂಟಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಕುದಿಯುವ ಸಾರಿನ ಪಾತ್ರೆಗೆ ತಣ್ಣನೆಯ ಮುಚ್ಚಳ ಮುಚ್ಚಿದರೆ ಒಳಗೆ ಹನಿ ಕಟ್ಟುವುದನ್ನು ನೆನಪಿಸಿಕೊಳ್ಳಿ.

ಆದ್ದರಿಂದ ತಣ್ಣನೆಯ ಎಂಜಿನ್ನಿಗೆ ಲೆಕ್ಕಕ್ಕಿಂತ ಬಹಳ ಹೆಚ್ಚು ಪೆಟ್ರೋಲ್ ಕೊಡಬೇಕಾಗುತ್ತದೆ. ಹೆಚ್ಚು ಕೊಟ್ಟರೆ ಅದರಲ್ಲಿ ಆವಿಯಾಗುವ ಪಾಲೂ ಹೆಚ್ಚುತ್ತದೆ. ಕಿಡಿಗೆ ಬೇಕಾದಷ್ಟು ಆವಿ ಸಿಗುತ್ತದೆ. ಇಲ್ಲಿ ‘ತಣ್ಣಗೆ’ ಎಂದರೆ ಹಿಮ ಬೀಳಬೇಕೆಂದೇನಿಲ್ಲ. ಓಡುವ ಎಂಜಿನ್ನಿನ ಉಷ್ಣತೆ 80–90 ಡಿಗ್ರಿ. ಅದಕ್ಕೆ ಹೋಲಿಸಿದರೆ ರಾಯಚೂರಿನ ಬೇಸಿಗೆಯ ಬೆಳಗೂ ತಣ್ಣಗೇ. ಚಳಿಗಾಲದಲ್ಲಿ ತೊಂದರೆ ಎದ್ದು ಕಾಣುತ್ತದೆ, ಅಷ್ಟೆ.

ಚೋಕ್ ಎಳೆಯುವ ಕೈ ಎಲ್ಲಿ ಹೋಯಿತು?

ಹಿರಿಯರಿಗೆ ಕಾರ್ಬೊರೇಟರ್ ಕಾರುಗಳು ನೆನಪಿರಬಹುದು. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕಿತ್ತು. ಚೋಕ್ ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತಿತ್ತು. ಚಳಿ ಎಷ್ಟಿದೆ ಎಂಬುದನ್ನು ಚಾಲಕನ ಚರ್ಮವೇ ಹೇಳುತ್ತಿತ್ತು. ಅದಕ್ಕೆ ತಕ್ಕಂತೆ ಕೈ ಚೋಕ್ ಎಳೆಯುತ್ತಿತ್ತು.

ಇಂಜೆಕ್ಷನ್ ಕಾರಿನಲ್ಲಿ ಚೋಕ್ ಇಲ್ಲ. ಪಂಪು ಒತ್ತಡದಿಂದ ಕಳಿಸಿದ ಪೆಟ್ರೋಲನ್ನು ಇಂಜೆಕ್ಟರ್ ಎಂಬ ಸಣ್ಣ ವಾಲ್ವ್ ಸಿಂಪಡಿಸುತ್ತದೆ. ಅದು ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಪೆಟ್ರೋಲ್. ಆ ಹೊತ್ತನ್ನು ತೀರ್ಮಾನಿಸುವುದು ವಿದ್ಯುನ್ಮಾನ ಪೆಟ್ಟಿಗೆ. ಆದರೆ ಪೆಟ್ಟಿಗೆಗೆ ಚಳಿ ಗೊತ್ತಾಗುವುದು ಹೇಗೆ?

ಈ ಪ್ರಶ್ನೆ ಮೊದಲಿನಿಂದಲೂ ಎಂಜಿನಿಯರುಗಳನ್ನು ಕಾಡಿದೆ. ಅಮೆರಿಕದ ಬೆಂಡಿಕ್ಸ್ ಕಂಪನಿಯ ‘ಎಲೆಕ್ಟ್ರೊಜೆಕ್ಟರ್’ ಎಂಬ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆಯನ್ನು 1957ರಲ್ಲಿ ರಾಂಬ್ಲರ್ ರೆಬೆಲ್ ಕಾರಿಗೆ ಅಳವಡಿಸಲು ಹೊರಟರು. ಬೆಚ್ಚನೆಯ ಹವೆಯಲ್ಲಿ ಸೊಗಸಾಗಿ ಓಡಿದ ಎಂಜಿನ್, ತಂಪು ಹವೆಯಲ್ಲಿ ಸ್ಟಾರ್ಟ್ ಆಗಲು ಸತಾಯಿಸಿತು. ಮರುವರ್ಷ ಕ್ರೈಸ್ಲರ್ ಕಂಪನಿ ಕೆಲವೇ ಕಾರುಗಳಲ್ಲಿ ಅದೇ ವ್ಯವಸ್ಥೆಯನ್ನು ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಕೊನೆಗೆ ಕಾರ್ಬೊರೇಟರನ್ನೇ ಹಾಕಿಕೊಡಬೇಕಾಯಿತು.

ಬೆಂಡಿಕ್ಸ್‌ನ ಪೇಟೆಂಟುಗಳ ತಳಹದಿಯ ಮೇಲೆ ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಡಿ-ಜೆಟ್ರಾನಿಕ್ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಹೊರತಂದಿತು. ಆನಂತರ 1970ರ ದಶಕದಲ್ಲಿ ಬಂದ ಕೆ-ಜೆಟ್ರಾನಿಕ್, ಎಲ್-ಜೆಟ್ರಾನಿಕ್ ಕಾರುಗಳಲ್ಲಿ ಚಳಿಗೆಂದೇ ಬೇರೊಂದು ಇಂಜೆಕ್ಟರ್ ಇರುತ್ತಿತ್ತು. ಅದರ ಹೆಸರು ಕೋಲ್ಡ್ ಸ್ಟಾರ್ಟ್ ವಾಲ್ವ್. ಅದಕ್ಕೆ ಅಪ್ಪಣೆ ಕೊಡುವುದು ಎರಡು ಲೋಹಗಳ ಪಟ್ಟಿ. ಇಸ್ತ್ರಿಪೆಟ್ಟಿಗೆ ಬಿಸಿಯಾದಾಗ ತಾನಾಗಿಯೇ ವಿದ್ಯುತ್ತನ್ನು ಕಡಿಯುವ ಪಟ್ಟಿ ಇದೆಯಲ್ಲ, ಅದೇ ತತ್ವ. ಪಟ್ಟಿಯ ಸುತ್ತ ಸಣ್ಣ ಕಾಯಿಸುವ ತಂತಿ. ಮೈನಸ್ 20 ಡಿಗ್ರಿ ಚಳಿಯಲ್ಲಿ ಸೆಲ್ಫ್ ಹೊಡೆದರೆ ಹೆಚ್ಚೆಂದರೆ ಸುಮಾರು 8 ಸೆಕೆಂಡು ಹೆಚ್ಚುವರಿ ಪೆಟ್ರೋಲ್ ಸಿಂಪಡಣೆ. ಅಷ್ಟರಲ್ಲಿ ಪಟ್ಟಿ ಬಿಸಿಯಾಗಿ ಬಾಗಿ ಸರ್ಕ್ಯೂಟನ್ನು ಕಡಿಯುತ್ತದೆ. ಎಂಜಿನ್ ಮೊದಲೇ ಬಿಸಿಯಾಗಿದ್ದರೆ ವಾಲ್ವ್ ತೆರೆಯುವುದೇ ಇಲ್ಲ. ಆ ಕಾಲದ ಕಾರನ್ನು ಇಂದಿಗೂ ಜೋಪಾನ ಮಾಡಿದವರು ಚಳಿಯ ತೊಂದರೆ ಬಂದರೆ ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು.

ನಮ್ಮ ದೇಶದಲ್ಲಿ ಇಂಜೆಕ್ಷನ್ ಮನೆಮಾತಾದದ್ದು ತಡವಾಗಿ. ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದಾಗ ಕಾರ್ಬೊರೇಟರನ್ನೇ ಹೊತ್ತು ಬಂದಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ 2000ದ ಆಸುಪಾಸಿನಲ್ಲಿ ಅದರೊಳಗೂ ಎಂಪಿಎಫ್‌ಐ ಎಂಜಿನ್ ಬಂತು. ಅಂದರೆ ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಆದರೆ ಆ ಪೀಳಿಗೆಯ ಎಂಪಿಎಫ್‌ಐ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿವೆ. ಇವುಗಳಲ್ಲಿ ಚಳಿಗೆಂದು ಬೇರೆ ವಾಲ್ವ್ ಇಲ್ಲ. ಚೋಕ್ ಎಳೆಯುತ್ತಿದ್ದ ಚರ್ಮ ಮತ್ತು ಕೈಗಳ ಕೆಲಸವನ್ನು ಹೆಬ್ಬೆರಳಿನಷ್ಟು ಗಾತ್ರದ ಒಂದು ಸೆನ್ಸರ್ ಮತ್ತು ಕಂಪ್ಯೂಟರ್ ಪೆಟ್ಟಿಗೆ ಮಾಡುತ್ತವೆ.

ಚಳಿಯನ್ನು ಓಮ್‌ನಲ್ಲಿ ಹೇಳುವ ಸೆನ್ಸರ್

ಈ ಸೆನ್ಸರ್ ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ನೀರಿನಲ್ಲಿ ಮೂತಿ ಅದ್ದಿಕೊಂಡು ಕುಳಿತಿರುತ್ತದೆ. ಒಳಗಿರುವುದು ಥರ್ಮಿಸ್ಟರ್ ಎಂಬ ಅರೆವಾಹಕ. ತಾಮ್ರದ ತಂತಿ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆಂದು ಪಾಠದಲ್ಲಿ ಓದಿರುತ್ತೀರಿ. ಥರ್ಮಿಸ್ಟರಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಬಿಸಿಯಾದಷ್ಟೂ ರೋಧ ಕಡಿಮೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆನ್ಸರಿನ ರೋಧ 20 ಡಿಗ್ರಿಯಲ್ಲಿ ಸುಮಾರು 2500 ಓಮ್. 80 ಡಿಗ್ರಿಯಲ್ಲಿ ಸುಮಾರು 320 ಓಮ್ ಮಾತ್ರ.

ಕಂಪ್ಯೂಟರಿಗೆ ಚಳಿ ಬಿಸಿ ಏನೂ ತಿಳಿಯದು. ಅದಕ್ಕೆ ತಿಳಿಯುವುದು ಈ ರೋಧದಿಂದ ಉಂಟಾಗುವ ವೋಲ್ಟೇಜ್ ಒಂದೇ. ರೋಧ ಹೆಚ್ಚಿದ್ದರೆ ‘ಎಂಜಿನ್ ತಣ್ಣಗಿದೆ, ಪೆಟ್ರೋಲ್ ಹೆಚ್ಚು ಕೊಡು’ ಎನ್ನುತ್ತದೆ. ಕಡಿಮೆಯಿದ್ದರೆ ‘ಬಿಸಿಯಾಗಿದೆ, ಅಳತೆಯಷ್ಟೇ ಸಾಕು’ ಎನ್ನುತ್ತದೆ. ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ಅದನ್ನೇ ನಂಬುತ್ತದೆ.

ಹಾಗೆಂದು ಚಳಿಯ ತೊಂದರೆಗೆಲ್ಲ ಸೆನ್ಸರೇ ಕಾರಣ ಎಂದು ಹೊರಟರೆ ಮತ್ತೆ ಅದೇ ತಪ್ಪು. ಕ್ರಮವಾಗಿ ಹೋಗಬೇಕು.

ಎಂಜಿನ್ನಿಗೆ ನಾಲ್ಕು ಪ್ರಶ್ನೆ

ಮೊದಲ ಪ್ರಶ್ನೆ: ಸೆಲ್ಫ್ ಹೇಗೆ ತಿರುಗುತ್ತದೆ? ಎಳೆದೆಳೆದು, ಸುಸ್ತಾದವರಂತೆ ತಿರುಗಿದರೆ ದೋಷ ವಿದ್ಯುತ್ತಿನ ಕಡೆ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸುವ ಕೆಲಸವೂ ಹೆಚ್ಚುತ್ತದೆ. ವರಮಾನ ಇಳಿದು ಖರ್ಚು ಏರಿದ ಸಂಸಾರದಂತೆ. ಪೂರ್ತಿ ಚಾರ್ಜಾದ, ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಸಂದೇಹಿಸಬೇಕು. ಅದಕ್ಕೂ ಮೊದಲು ಟರ್ಮಿನಲ್‌ಗಳ ಮೇಲಿನ ಬಿಳಿಯ ಹುಡಿಯನ್ನು ಉಜ್ಜಿ, ಬಿಗಿ ಮಾಡಿ ನೋಡಬೇಕು. ಎಷ್ಟೋ ಸಲ ಹೋಗಿರುವುದು ಬ್ಯಾಟರಿಯಲ್ಲ, ಅದರ ಹಿಡಿತ.

ಎರಡನೆಯ ಪ್ರಶ್ನೆ: ಪ್ಲಗ್ ಒದ್ದೆಯೋ, ಒಣಗಿದೆಯೋ? ಐದಾರು ಸೆಕೆಂಡು ಸೆಲ್ಫ್ ಹೊಡೆದು ಎಂಜಿನ್ ಹಿಡಿಯದಿದ್ದಾಗ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಡಿದರೆ ಪೆಟ್ರೋಲ್ ಬಂದಿದೆ; ಕಿಡಿ ದುರ್ಬಲವಾಗಿರಬೇಕು ಅಥವಾ ಪೆಟ್ರೋಲ್ ಅತಿಯಾಗಿರಬೇಕು. ಒಣಗಿದ್ದರೆ ಬೇಕಾದಷ್ಟು ಬಂದೇ ಇಲ್ಲ. ಈ ಒಂದೇ ನೋಟ ಅರ್ಧದಷ್ಟು ಸಂದೇಹಗಳನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ.

ಮೂರನೆಯ ಪ್ರಶ್ನೆ: ಪೆಟ್ರೋಲಿನ ಒತ್ತಡ ರಾತ್ರಿಯಿಡೀ ನಿಂತಿದೆಯೇ? ಈ ಕಾರುಗಳಲ್ಲಿ ಪೆಟ್ರೋಲ್ ಸುಮಾರು 2.5ರಿಂದ 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ಬರುತ್ತದೆ. ಎಂಜಿನ್ ನಿಂತ ಮೇಲೂ ಒತ್ತಡ ಇಳಿದುಹೋಗದಂತೆ ಪಂಪಿನಲ್ಲಿ ಒಂದು ವಾಲ್ವ್ ತಡೆಯುತ್ತದೆ. ತೋಟದ ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಇರುವುದಿಲ್ಲವೇ, ಹಾಗೆ. ಫುಟ್‌ವಾಲ್ವ್ ಸೋರಿದರೆ ಬೆಳಿಗ್ಗೆ ಪೈಪಿಗೆ ನೀರು ಹೊಯ್ಯದೆ ಪಂಪ್ ನೀರೆತ್ತುವುದಿಲ್ಲ. ಕಾರಿನ ಕಥೆಯೂ ಅದೇ. ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಎಂಪಿಎಫ್‌ಐ ಕಾರುಗಳಲ್ಲಿ ಸಾಮಾನ್ಯವಾಗಿ ಕೀಲಿಯನ್ನು ‘ಆನ್’ಗೆ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಪಂಪಿನ ಝೇಂಕಾರ ಒಂದೆರಡು ಸೆಕೆಂಡು ಕೇಳುತ್ತದೆ. ಸೆಲ್ಫ್ ಹೊಡೆಯದೆ ಕೀಲಿಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ತಟ್ಟನೆ ಹಿಡಿದರೆ ಒತ್ತಡ ಸೋರುತ್ತಿದೆ ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಒತ್ತಡದ ಸೋರಿಕೆಯ ಮೇಲಿನ ಸಂದೇಹ ಬಹುಮಟ್ಟಿಗೆ ದೂರವಾಗುತ್ತದೆ.

ನಾಲ್ಕನೆಯ ಪ್ರಶ್ನೆ: ಹಿಡಿದ ಮೇಲೆ ಏನಾಗುತ್ತದೆ? ಸ್ಟಾರ್ಟ್ ಆದ ಎಂಜಿನ್ ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತು, ತುಳಿದಿದ್ದರೆ ಓಡುತ್ತಿದ್ದರೆ, ಸುಮ್ಮನೆ ನಿಂತಾಗ ಎಂಜಿನ್ನಿಗೆ ಗಾಳಿ ಕೊಡುವ ಐಡ್ಲಿಂಗ್ ವಾಲ್ವಿಗೆ ಮಸಿ ಕಟ್ಟಿರಬಹುದು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಪೆಟ್ರೋಲ್ ಅತಿಯಾಗಿದೆ. ಹೊಗೆಯೇನೂ ಇಲ್ಲದೆ ನಡುಗುತ್ತಾ, ಬಿಸಿಯಾದಂತೆಲ್ಲ ಸರಿಹೋದರೆ ಪೆಟ್ರೋಲ್ ಸಾಲದೆ ಬಂದಿರುವ ಲಕ್ಷಣ.

ಮಗಳ ನೋಟ್‌ಪುಸ್ತಕ

ಚಿಕ್ಕಮಗಳೂರಿನ ಮನೆಗೆ ಮರಳೋಣ. ‘ಒಂದು ವಾರ ತಡೀರಿ ಅಪ್ಪಾ, ಬರೆದಿಟ್ಟು ನೋಡ್ತೀನಿ’ ಎಂದಳು ಮಗಳು. ಪ್ರಯೋಗಾಲಯದ ರೆಕಾರ್ಡ್ ಬರೆಯುವ ಅಭ್ಯಾಸ ಅವಳಿಗಿತ್ತು. ದಿನಾಂಕ, ಗಂಟೆ, ಶೆಡ್ಡಿನ ಉಷ್ಣತೆ, ಎಷ್ಟನೆಯ ಸಲಕ್ಕೆ ಹಿಡಿಯಿತು, ಎಂಜಿನ್ ನಿಂತು ಎಷ್ಟು ಹೊತ್ತಾಗಿತ್ತು ಎಂದು ಐದು ಕಲಂ ಎಳೆದಳು.

ಸೋಮವಾರ ಬೆಳಿಗ್ಗೆ 15 ಡಿಗ್ರಿ, ಐದನೆಯ ಸಲ. ಮಂಗಳವಾರ 14 ಡಿಗ್ರಿ, ಐದನೆಯ ಸಲ. ಬುಧವಾರ ಕೀಲಿಯನ್ನು ಮೂರು ಸಲ ಆನ್-ಆಫ್ ಮಾಡಿ ನೋಡಿದರು. ಆಗಲೂ ಐದನೆಯ ಸಲವೇ. ಗುರುವಾರ ಪೇಟೆಯಿಂದ ಬಂದ ಹತ್ತು ನಿಮಿಷಕ್ಕೆ, ಒಂದೇ ಸಲ. ಭಾನುವಾರ ಕಾರನ್ನು ಹೊರತೆಗೆಯಲೇ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ, 27 ಡಿಗ್ರಿಯ ಬಿಸಿಲಿನಲ್ಲಿ ಸ್ಟಾರ್ಟ್ ಮಾಡಿದಾಗ ಮೂರನೆಯ ಸಲಕ್ಕೆ ಹಿಡಿಯಿತು. ಈ ಭಾನುವಾರದ ಸಾಲು ಮುಖ್ಯ. ಬೆಳಗಿನ ಮಂಜು, ಇಬ್ಬನಿಯ ತೇವ ಇವು ಕಾರಣವಾಗಿದ್ದರೆ ಮಧ್ಯಾಹ್ನ ತೊಂದರೆ ಇರಬಾರದಿತ್ತು. ಹಾಗಾದರೆ ಕಾರಣ ಹೊರಗಿನ ಹವೆಯಲ್ಲ. ಎಂಜಿನ್ನಿನ ಸ್ವಂತ ಉಷ್ಣತೆ.

ಆ ಹಾಳೆಯನ್ನು ಹಿಡಿದು ಅಪ್ಪ, ಮಗಳು ಗ್ಯಾರೇಜಿಗೆ ಹೋದರು. ಹಿಂದಿನ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು ಬಂದಿದ್ದರು. ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬೇಕಲ್ಲ. ಮೆಕ್ಯಾನಿಕ್ ಹಾಳೆಯನ್ನು ಎರಡು ಸಲ ಓದಿದರು.

‘ಏನಮ್ಮಾ, ಇದನ್ನ ನೀನೇ ಬರೆದಿದ್ದಾ? ಇಷ್ಟು ದಿನ ಎಲ್ಲರೂ ಸ್ಟಾರ್ಟ್ ಆಗ್ತಿಲ್ಲ ಅಂತ ಮಾತ್ರ ಹೇಳೋರು’ ಎಂದರು.

ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ 10.4. ಹೊಸ ಬ್ಯಾಟರಿಯಲ್ಲಿ ದೋಷವಿಲ್ಲ. ಹಳೆಯದರಲ್ಲಿ ಇತ್ತೇ ಎಂಬುದು ಈಗ ಯಾರಿಗೂ ಗೊತ್ತಾಗುವ ಹಾಗಿಲ್ಲ. ಅಳೆಯದೆ ಎಸೆದ ಮೇಲೆ ಕೇಳುವುದು ಯಾರನ್ನು? ಪ್ಲಗ್ ಬಿಚ್ಚಿದರೆ ಒಣಗಿತ್ತು. ಕಿಡಿ ಚೆನ್ನಾಗಿತ್ತು. ಗೇಜು ಹಾಕಿದರೆ ಪೆಟ್ರೋಲಿನ ಒತ್ತಡವೂ ಸರಿಯಾಗಿತ್ತು. ಪೆಟ್ರೋಲ್ ಬಾಗಿಲಲ್ಲಿ ಸಿದ್ಧವಾಗಿ ನಿಂತಿದೆ, ಒಳಗೆ ಕರೆಯುವವರೇ ಇಲ್ಲ ಎಂದಾಯಿತು. ಅಂದರೆ ಕಂಪ್ಯೂಟರ್ ಇಂಜೆಕ್ಟರನ್ನು ಬೇಕಾದಷ್ಟು ಹೊತ್ತು ತೆರೆಯುತ್ತಿಲ್ಲ.

ಮೆಕ್ಯಾನಿಕ್ ಕೂಲೆಂಟ್ ಸೆನ್ಸರಿನ ಕಪ್ಲರ್ ಬಿಚ್ಚಿ, ಅದರ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರು. ಬೆಳಗಿನ 15 ಡಿಗ್ರಿಗೆ ಸುಮಾರು 3000 ಓಮ್ ಇರಬೇಕಿತ್ತು. ಅಂಕಿ ಒಂದೆಡೆ ನಿಲ್ಲದೆ 600ರ ಆಸುಪಾಸಿನಲ್ಲಿ ಓಲಾಡುತ್ತಿತ್ತು. 600 ಓಮ್ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ 60 ಡಿಗ್ರಿ! ಚಳಿಗೆ ಮರಗಟ್ಟಿದ ಎಂಜಿನ್ನನ್ನು ಅದು ಆಗಲೇ ಬೆಚ್ಚಗಾಗಿದೆ ಎಂದು ತಿಳಿದಿತ್ತು.

‘ಸೆನ್ಸರ್ ಹೋಗಿದೆಯಾ ಅಂಕಲ್?’ ಎಂದು ಕೇಳಿದಳು ಮಗಳು.

‘ನಿಲ್ಲಮ್ಮಾ. ಸೆನ್ಸರನ್ನೇ ಬೈಯೋದು ಬೇಡ’ ಎಂದು ಅವರು ಟಾರ್ಚ್ ಬಿಟ್ಟು ಪಿನ್ನುಗಳ ಬುಡವನ್ನು ನೋಡಿದರು. ಸೆನ್ಸರಿನ ಪಕ್ಕದಿಂದ ಕೂಲೆಂಟ್ ಜಿನುಗಿ, ಎರಡೂ ಪಿನ್ನುಗಳ ನಡುವೆ ಒದ್ದೆಯಾದ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಕೆರೆದು, ತೊಳೆದು, ಗಾಳಿ ಹಾಯಿಸಿ ಒಣಗಿಸಿದರು. ಮತ್ತೆ ಅಳೆದರೆ 3000 ಓಮ್. ಸೆನ್ಸರಿನಲ್ಲಿ ಏನೂ ದೋಷವಿರಲಿಲ್ಲ. ಬುಡದ ವಾಷರ್ ಬದಲಾಯಿಸಿ ಜಿನುಗುವುದನ್ನು ನಿಲ್ಲಿಸಿದರು. ಮರುದಿನ ಬೆಳಿಗ್ಗೆ 14 ಡಿಗ್ರಿಯಲ್ಲಿ ಕಾರು ಮೊದಲ ಸಲಕ್ಕೇ ಹಿಡಿಯಿತು.

ಬಿಸಿಯಲ್ಲೇಕೆ ಸರಿಯಿತ್ತು?

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಕಿಲುಬು ಹಗಲೂ ರಾತ್ರಿ ಅಲ್ಲೇ ಇತ್ತು. ಹಾಗಿದ್ದರೆ ಬಿಸಿ ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತಿದ್ದುದು ಹೇಗೆ?

ಉತ್ತರ ಹತ್ತನೆಯ ತರಗತಿಯ ಪುಸ್ತಕದಲ್ಲಿದೆ: ಸಮಾಂತರ ಜೋಡಣೆಯ ರೋಧಗಳು. ಕಿಲುಬು ಸೆನ್ಸರಿನ ಪಕ್ಕದಲ್ಲಿ ವಿದ್ಯುತ್ತಿಗೆ ಇನ್ನೊಂದು ದಾರಿ ಮಾಡಿಕೊಟ್ಟಿತ್ತು. ಆ ದಾರಿಯ ರೋಧ 750 ಓಮ್ ಎಂದು ಇಟ್ಟುಕೊಳ್ಳಿ. ತಣ್ಣಗಿರುವಾಗ 3000 ಓಮ್ ಮತ್ತು 750 ಓಮ್ ಸಮಾಂತರ. 3000ವನ್ನು 750ರಿಂದ ಗುಣಿಸಿ, ಎರಡರ ಮೊತ್ತವಾದ 3750ರಿಂದ ಭಾಗಿಸಿದರೆ 600 ಓಮ್ ಬರುತ್ತದೆ. ಐದರಲ್ಲಿ ಒಂದು ಪಾಲಿಗೆ ಇಳಿಯಿತು! ಬಿಸಿಯಾದಾಗ 320 ಓಮ್ ಮತ್ತು 750 ಓಮ್. ಅದೇ ಲೆಕ್ಕ ಮಾಡಿದರೆ ಸುಮಾರು 224 ಓಮ್. ಇಳಿತ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. 15 ಡಿಗ್ರಿಯನ್ನು 60 ಎಂದು ತಪ್ಪು ತಿಳಿದ ಕಂಪ್ಯೂಟರ್, 80 ಡಿಗ್ರಿಯನ್ನು 90ಕ್ಕಿಂತ ಕೊಂಚ ಮೇಲೆ ಎಂದು ತಿಳಿಯುತ್ತದೆ. ಎರಡೂ ಬಿಸಿಯೇ ಆದ್ದರಿಂದ ಬಿಸಿ ಎಂಜಿನ್ನಿನ ಸ್ಟಾರ್ಟಿಗೆ ಅಡ್ಡಿಯಾಗುವುದಿಲ್ಲ.

ಇನ್ನೊಂದು ಪ್ರಶ್ನೆ. ಇಂಥ ದೋಷವನ್ನು ತೋರಿಸಲೆಂದೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವಿದೆ. ಅದೇಕೆ ಹೊತ್ತಲಿಲ್ಲ? ಕಪ್ಲರನ್ನು ಪೂರ್ತಿ ಬಿಚ್ಚಿಟ್ಟರೆ ಕಂಪ್ಯೂಟರಿಗೆ ರೋಧ ಅಪಾರವಾಗಿ ಕಾಣುತ್ತದೆ. ಅಂಥ ಚಳಿ ಸಾಧ್ಯವಿಲ್ಲವೆಂದು ಅದು ದೀಪ ಹೊತ್ತಿಸುತ್ತದೆ. ಎರಡು ತಂತಿ ಒಂದಕ್ಕೊಂದು ತಗುಲಿದರೂ ಹಾಗೆಯೇ. ಆದರೆ 600 ಓಮ್ ಅಸಾಧ್ಯವಾದ ಅಂಕಿಯಲ್ಲ. ದಿನಾ ಎಂಜಿನ್ ಬಿಸಿಯಾಗುವಾಗ ಕಂಪ್ಯೂಟರ್ ನೋಡುವ ಅಂಕಿಯೇ. ಅಸಾಧ್ಯವಾದ ಸುಳ್ಳನ್ನು ಯಂತ್ರ ಹಿಡಿಯುತ್ತದೆ. ನಂಬುವಂಥ ಸುಳ್ಳನ್ನು ಹಿಡಿಯಲು ಮನುಷ್ಯನೇ ಬೇಕು. ಶೆಡ್ಡಿನ ಗೋಡೆಯಲ್ಲಿದ್ದ ಥರ್ಮಾಮೀಟರ್ ನೋಡಿ, ‘ಇಷ್ಟು ಚಳಿಯಲ್ಲಿ 60 ಡಿಗ್ರಿ ಹೇಗೆ?’ ಎಂದು ಕೇಳುವ ಮನುಷ್ಯ.

ಎಥನಾಲ್ ಬೆರೆತ ಮೇಲೆ

ಈಚಿನ ವರ್ಷಗಳಲ್ಲಿ ಹಳೆಯ ಕಾರುಗಳವರು ಇನ್ನೊಂದನ್ನೂ ಗಮನದಲ್ಲಿಡಬೇಕು. ಭಾರತದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ 2025ರಲ್ಲಿ ಶೇಕಡಾ 20ರ ಗುರಿ ಮುಟ್ಟಿತು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಆವಿಯಾಗಲು ಅದಕ್ಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಉಷ್ಣ ಬೇಕು. ಪೂರ್ತಿ ಎಥನಾಲಿನಲ್ಲೇ ಕಾರು ಓಡಿಸಿದ ಬ್ರೆಜಿಲ್ ದೇಶದವರಿಗೆ ಇದರ ಅನುಭವ ಚೆನ್ನಾಗಿದೆ. ಅಲ್ಲಿನ ಅನೇಕ ಕಾರುಗಳಲ್ಲಿ ಚಳಿಯ ಬೆಳಗಿನ ಸ್ಟಾರ್ಟಿಗೆಂದೇ ಪುಟ್ಟದೊಂದು ಪೆಟ್ರೋಲ್ ಡಬ್ಬಿ ಬೇರೆ ಇರುತ್ತಿತ್ತು. ನಮ್ಮ ಬೆರಕೆಯಲ್ಲಿ ಹಗುರವಾದ ಪೆಟ್ರೋಲಿನ ಪಾಲೂ ಇರುವುದರಿಂದ ಅಷ್ಟು ಕಷ್ಟವಿಲ್ಲ. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿಗೆ ತೇವ ಸೇರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಕೆಲವು ಎಚ್ಚರಿಕೆಗಳು

ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಇಂಜೆಕ್ಷನ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ರೂಢಿ ಒಳ್ಳೆಯದಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು ಅದನ್ನು ಹಾಳು ಮಾಡುತ್ತದೆ. ಪೆಟ್ರೋಲ್ ಒತ್ತಡದ ಪೈಪು, ಕಿಡಿಯ ಪರೀಕ್ಷೆ ಇವು ಮೆಕ್ಯಾನಿಕ್ಕಿನ ಕೆಲಸ, ಮಕ್ಕಳು ಕೈಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು: ಚಳಿಯೆಂದು ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು. ತಣ್ಣನೆಯ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೂ ಉಳಿದಿರುವುದಿಲ್ಲ.

ಮಾಡಿ ನೋಡಿ

ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಥರ್ಮಿಸ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಬಿಸಿಯಾದಂತೆ ರೋಧ ಇಳಿಯುವ ‘ಎನ್‌ಟಿಸಿ’ ಬಗೆಯದು ಬೇಕೆಂದು ಕೇಳಿ. ಅದರ ಎರಡು ಕಾಲುಗಳಿಗೆ ತಂತಿ ಬೆಸೆದು, ನೀರು ತಾಗದಂತೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಮಂಜುಗಡ್ಡೆಯ ನೀರು, ನಲ್ಲಿಯ ನೀರು, ಸ್ನಾನದ ಬಿಸಿನೀರು ಇವುಗಳಲ್ಲಿ ಒಂದೊಂದಾಗಿ ಅದ್ದಿ, ಮಲ್ಟಿಮೀಟರಿನಲ್ಲಿ ರೋಧವನ್ನೂ ಥರ್ಮಾಮೀಟರಿನಲ್ಲಿ ಉಷ್ಣತೆಯನ್ನೂ ಬರೆದುಕೊಳ್ಳಿ. ಗ್ರಾಫ್ ಎಳೆಯಿರಿ. ಅದು ಸರಳರೇಖೆಯಾಗಿ ಬರುವುದಿಲ್ಲ. ತಣ್ಣಗಿರುವ ಕಡೆ ಕಡಿದಾಗಿ, ಬಿಸಿಯ ಕಡೆ ಚಪ್ಪಟೆಯಾಗಿ ಬಾಗುತ್ತದೆ. ಅನಂತರ ಥರ್ಮಿಸ್ಟರಿನ ಪಕ್ಕಕ್ಕೆ ಇನ್ನೊಂದು ರೋಧಕವನ್ನು ಸಮಾಂತರವಾಗಿ ಜೋಡಿಸಿ, ಮತ್ತೆ ಅಳೆದು, ಅದೇ ಹಾಳೆಯಲ್ಲಿ ಎರಡನೆಯ ಗ್ರಾಫ್ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ನೋಡಿ. ಚಿಕ್ಕಮಗಳೂರಿನ ಕಾರಿನ ರೋಗ ನಿಮ್ಮ ಹಾಳೆಯ ಮೇಲೆಯೇ ಕಾಣಿಸುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸುವ ಮೊದಲು ಅಳೆಯುವುದು, ಅಳೆದದ್ದನ್ನು ಬರೆದಿಡುವುದು, ಇವು ಪ್ರಯೋಗಾಲಯದ ಗೋಡೆಯೊಳಗೇ ಉಳಿಯಬೇಕಾದ ನಿಯಮಗಳಲ್ಲ. ಮನೆಯಲ್ಲಿ ಮಿಕ್ಸಿ ನಿಂತಾಗ, ಪಂಪ್ ನೀರೆತ್ತದಿದ್ದಾಗ ಮಗನೋ ಮಗಳೋ ನೋಟ್‌ಪುಸ್ತಕ ಹಿಡಿದು ಬಂದರೆ ‘ನಿನಗ್ಯಾಕೆ ಇದೆಲ್ಲ, ಹೋಗಿ ಓದಿಕೋ’ ಎನ್ನಬೇಡಿ. ಅವರು ಮಾಡುತ್ತಿರುವುದು ಓದಿನ ಕೆಲಸವೇ.